ಡೇರಿಗಿರುವ ಬಾಗಿಲು ಕರೆಂಟಿಗೆ ಯಾಕಿಲ್ಲ

ಹಾಸನದಿಂದ ಅರಸೀಕೆರೆ ರಸ್ತೆ ಹಿಡಿದು ದುದ್ದ ಹೋಬಳಿಯ ಯಾವ ಊರಿಗಾದರೂ ಬೆಳಿಗ್ಗೆ ಆರೂವರೆಗೆ ಹೋಗಿ ನಿಲ್ಲಿ. ಡೇರಿ ಮುಂದೆ ಕ್ಯಾನು, ತಂಬಿಗೆ, ಸ್ಟೀಲ್ ಡಬ್ಬಿ ಹಿಡಿದವರ ಸಾಲು ಕಾಣುತ್ತದೆ. ಮುಂದೆ ನಿಂತವರದು ಹನ್ನೆರಡು ಲೀಟರು, ಅವರ ಹಿಂದಿನ ಅಜ್ಜಿಯದು ಒಂದೂವರೆ. ಕಾರ್ಯದರ್ಶಿ ಇಬ್ಬರ ಹಾಲಿಗೂ ಅದೇ ಅಳತೆ ಹಿಡಿಯುತ್ತಾನೆ, ಅದೇ ಯಂತ್ರದಲ್ಲಿ ಫ್ಯಾಟ್ ನೋಡುತ್ತಾನೆ, ಪಾಸ್‌ಬುಕ್ಕಿನಲ್ಲಿ ಬರೆದು ಕೊಡುತ್ತಾನೆ. ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಖಾತೆಗೆ ಬೀಳುತ್ತದೆ. ಒಂದೇ ಹಸು ಕಟ್ಟಿದ ಅಜ್ಜಿ ಬೆಂಗಳೂರಿನಷ್ಟು ದೊಡ್ಡ ಮಾರುಕಟ್ಟೆಗೆ ಹಾಲು ಮಾರುವವರಲ್ಲಿ ಒಬ್ಬಳು. ಬ್ಯಾಂಕ್ ಗ್ಯಾರಂಟಿ ತಾ ಎಂದು ಅವಳನ್ನು ಯಾರೂ ಕೇಳಿಲ್ಲ.

ಆ ಅಜ್ಜಿಯಂಥವರ ಮನೆಯ ಗಂಡಸು ಹಿಂದಿನ ರಾತ್ರಿ ತೋಟದಲ್ಲಿ ಇದ್ದಿರುತ್ತಾನೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂದು ಲೆಕ್ಕ. ಅದು ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು ಎಂದು ಪಾಳಿಯಲ್ಲಿ ಬರುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಮೂರು ಬಣ್ಣದ ಸಣ್ಣ ದೀಪಗಳು ಒಟ್ಟಿಗೆ ಹೊತ್ತಿದರೆ ಕರೆಂಟು ಬಂದಂತೆ. ಒಂದು ದೀಪ ಮಂಕಾಗಿದ್ದರೆ ಮೋಟರು ಮುಟ್ಟುವ ಹಾಗಿಲ್ಲ, ವೈಂಡಿಂಗ್ ಸುಟ್ಟು ಹೋಗುತ್ತದೆ. ಅವನು ಟಾರ್ಚ್ ಹಿಡಿದು, ತೆಂಗಿನ ಪಾತಿಯಿಂದ ಪಾತಿಗೆ ನೀರು ತಿರುಗಿಸಿ, ಹಾವಿಗೆ ಹೆದರಿಕೊಂಡೇ ಬದುವಿನ ಮೇಲೆ ನಡೆದು ಮನೆಗೆ ಬಂದಿರುತ್ತಾನೆ.

ಒಂದೇ ಮನೆ, ಎರಡು ಮಾರುಕಟ್ಟೆ. ಹಾಲಿನಲ್ಲಿ ಆ ಮನೆ ಮಾರುವ ಕಡೆ ನಿಂತಿದೆ. ಕರೆಂಟಿನಲ್ಲಿ ಕೊಟ್ಟಾಗ ತೆಗೆದುಕೊಳ್ಳುವ ಕಡೆ ನಿಂತಿದೆ. ಇಪ್ಪತ್ತೈದು ವರ್ಷಗಳಿಂದ ನಾವು ವಿದ್ಯುತ್ ಸುಧಾರಣೆ, ಉದಾರೀಕರಣ, ಸ್ಪರ್ಧೆ ಎಂಬ ಮಾತುಗಳನ್ನು ಕೇಳುತ್ತ ಬಂದಿದ್ದೇವಲ್ಲ, ಅವು ಈ ಎರಡನೆಯ ಮಾರುಕಟ್ಟೆಯ ಬಾಗಿಲನ್ನು ಯಾರಿಗೆ ತೆರೆದವು, ಯಾರ ಮುಖಕ್ಕೆ ಮುಚ್ಚಿದವು ಎಂಬುದು ನನ್ನ ಪ್ರಶ್ನೆ.

ಕರ್ನಾಟಕ ಈ ಹಾದಿಗೆ ಬೇಗನೇ ಇಳಿದ ರಾಜ್ಯ. 1999ರಲ್ಲಿ ವಿದ್ಯುತ್ ಸುಧಾರಣಾ ಕಾಯ್ದೆ ಬಂತು, ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ದರ ನಿಗದಿಗೆ ಕೆಇಆರ್‌ಸಿ ಹುಟ್ಟಿತು. 2002ರ ಜೂನ್‌ನಲ್ಲಿ ವಿತರಣೆ ನಾಲ್ಕು ಕಂಪನಿಗಳಿಗೆ ಹಂಚಿಹೋಯಿತು. 2005ರಲ್ಲಿ ಮೆಸ್ಕಾಂನಿಂದ ಬೇರೆಯಾದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ (ಸೆಸ್ಕ್) ಮೈಸೂರು, ಮಂಡ್ಯ, ಕೊಡಗು, ಚಾಮರಾಜನಗರದ ಜೊತೆ ಹಾಸನವೂ ಸೇರಿತು. ಹೀಗೆ ರಾಜ್ಯದಲ್ಲಿ ಐದು ಕಂಪನಿಗಳಾದವು. ಆದರೆ ದುದ್ದದ ಮನೆಗೆ ಆಗಲೂ ಒಂದೇ ಕಂಪನಿ, ಈಗಲೂ ಒಂದೇ. ಬೋರ್ಡಿನ ಹೆಸರು ಬದಲಾಯಿತು, ಆರ್‌ಆರ್ ನಂಬರ್ ಹಾಗೇ ಉಳಿಯಿತು.

ಸ್ಪರ್ಧೆ ಬಂದದ್ದು ಮೇಲಿನ ತುದಿಗೆ. 2003ರ ಕೇಂದ್ರ ವಿದ್ಯುತ್ ಕಾಯ್ದೆ ಉತ್ಪಾದನೆಗೆ ಲೈಸೆನ್ಸೇ ಬೇಡ ಎಂದಿತು. ಉಡುಪಿ ಬಳಿಯ ಖಾಸಗಿ ಉಷ್ಣ ಸ್ಥಾವರದ 1200 ಮೆಗಾವ್ಯಾಟ್ ಕರೆಂಟು ಪಶ್ಚಿಮ ಘಟ್ಟ ಹತ್ತಿ ಬಂದಿಳಿಯುವುದು ನಮ್ಮ ಶಾಂತಿಗ್ರಾಮದ 400 ಕೆವಿ ಸಬ್‌ಸ್ಟೇಷನ್ನಿಗೆ. ಹಾಸನ ತಾಲ್ಲೂಕಿನವರು ಆ ದೈತ್ಯ ಟವರುಗಳನ್ನು ದಿನಾ ನೋಡುತ್ತಾರೆ. ಅದೇ ಕಾಯ್ದೆ ಒಂದು ಮೆಗಾವ್ಯಾಟಿಗಿಂತ ಹೆಚ್ಚು ಬಳಸುವ ಗ್ರಾಹಕರಿಗೆ ಮುಕ್ತ ಪ್ರವೇಶದ ಹಕ್ಕು ಕೊಟ್ಟಿತು. ಬೇರೆ ಉತ್ಪಾದಕರಿಂದ ಕರೆಂಟು ಕೊಂಡು, ಸರ್ಕಾರಿ ಕಂಪನಿಯ ತಂತಿಯಲ್ಲಿ ಸುಂಕ ತೆತ್ತು ತರಿಸಿಕೊಳ್ಳಬಹುದು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರ ಶುರುವಾಗಿ ಯೂನಿಟ್ಟಿಗೆ ದಿನದಿನದ ಧಾರಣೆಯೂ ಹುಟ್ಟಿತು, ಎಪಿಎಂಸಿಯಲ್ಲಿ ಆಲೂಗಡ್ಡೆಗೆ ಹುಟ್ಟುವ ಹಾಗೆ.

ಒಂದು ಮೆಗಾವ್ಯಾಟ್ ಎಂದರೆ ಎಷ್ಟು? 5 ಎಚ್‌ಪಿ ಮೋಟರುಗಳನ್ನು ಲೆಕ್ಕ ಹಾಕಿದರೆ ಇನ್ನೂರೈವತ್ತಕ್ಕೂ ಹೆಚ್ಚು ಬೇಕು. ಒಂದು ಸಾಧಾರಣ ಹಳ್ಳಿಯ ಎಲ್ಲ ಪಂಪ್‌ಸೆಟ್ಟುಗಳನ್ನು ಒಟ್ಟಿಗೆ ಕಟ್ಟಿದರೂ ಆ ಹೊಸ್ತಿಲು ದಾಟುವುದು ಕಷ್ಟ. ಹಾಸನದ ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಜವಳಿ ಗಿರಣಿ ಒಂದೇ ಹೆಜ್ಜೆಗೆ ದಾಟುತ್ತದೆ.

ಹಾಗೆ ದಾಟಿದವರಿಗೂ ಒಳಗೆ ಒಂದು ಗೋಡೆ ಇದೆ. ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಎಂಬುದು ಅದರ ಹೆಸರು. ಕಾರ್ಖಾನೆ, ಅಂಗಡಿಗಳಿಂದ ವೆಚ್ಚಕ್ಕಿಂತ ಹೆಚ್ಚು ದರ ವಸೂಲಿ ಮಾಡಿ, ಆ ಹೆಚ್ಚಿನದರಲ್ಲಿ ಬಡವರ ಮನೆ ಮತ್ತು ರೈತರ ಪಂಪ್‌ಸೆಟ್ಟಿನ ಕೊರತೆ ತುಂಬುವುದು ನಮ್ಮಲ್ಲಿ ಹಳೆಯ ಪದ್ಧತಿ. ಕಾರ್ಖಾನೆ ಹೊರಗಿನಿಂದ ಕರೆಂಟು ತಂದರೆ ಆ ಹೆಚ್ಚಿನದು ಕೈತಪ್ಪುತ್ತದೆ. ಆದ್ದರಿಂದ, ಹೋಗುವುದಾದರೆ ಹೋಗು, ಆ ಪಾಲನ್ನು ಕೊಟ್ಟು ಹೋಗು ಎನ್ನುತ್ತದೆ ಸರ್ಚಾರ್ಜ್. 2003ರ ಮೂಲ ಕಾಯ್ದೆಯಲ್ಲಿ ಇದನ್ನು ಕ್ರಮೇಣ ಕಡಿಮೆ ಮಾಡಿ ಕೊನೆಗೆ ತೆಗೆದುಹಾಕಬೇಕು ಎಂದಿತ್ತು. 2007ರ ತಿದ್ದುಪಡಿಯಲ್ಲಿ ತೆಗೆದುಹಾಕುವ ಮಾತು ಮಾಯವಾಗಿ, ಕಡಿಮೆ ಮಾಡುವ ಮಾತಷ್ಟೇ ಉಳಿಯಿತು. 2016ರ ದರ ನೀತಿ ಅದಕ್ಕೆ ಗ್ರಾಹಕರ ದರದ ಶೇ. 20ರ ಮಿತಿ ಹಾಕಿತು.

ಸುಧಾರಣಾವಾದಿಗಳು ಇದನ್ನು ಪ್ರವೇಶಕ್ಕೆ ಅಡ್ಡಿ ಎನ್ನುತ್ತಾರೆ. ಅದು ಅಡ್ಡಿಯೇ, ಅದರಲ್ಲಿ ಅನುಮಾನವಿಲ್ಲ. ಗೋಡೆಯನ್ನು ಇಳಿಸಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕವೇ ಒಮ್ಮೆ ಮಾಡಿ ನೋಡಿದೆ. 2018ರ ಮಾರ್ಚ್ ಒಳಗೆ ಶುರುವಾಗುವ ಸೌರ ಸ್ಥಾವರಗಳಿಗೆ ಹತ್ತು ವರ್ಷ ತಂತಿ ಬಳಕೆಯ ವೀಲಿಂಗ್ ಶುಲ್ಕವೂ ಬೇಡ, ಸರ್ಚಾರ್ಜೂ ಬೇಡ ಎಂದು ಕೆಇಆರ್‌ಸಿ 2014ರಲ್ಲಿ ಆದೇಶ ಮಾಡಿತು. ಗಡುವು ಮುಗಿಯುವುದರೊಳಗೆ ಕಂಪನಿಗಳು ಓಡೋಡಿ ಬಂದು ಫಲಕ ಹಾಕಿದವು. ಖಾಸಗಿ ಗ್ರಾಹಕರಿಗೆ ನೇರವಾಗಿ ಮಾರುವ ಸೌರ ವಿದ್ಯುತ್ತಿನಲ್ಲಿ ಕರ್ನಾಟಕ ದೇಶದ ಮುಂಚೂಣಿಗೆ ಬಂತು. ಗೋಡೆಯ ಎತ್ತರವೇ ಸ್ಪರ್ಧೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಆ ಗೋಡೆಗೆ ಆತುಕೊಂಡು ನಿಂತಿರುವವನು ದುದ್ದದ ರೈತ. ಇದನ್ನು ಮರೆತು ಮಾತಾಡುವ ಅರ್ಥಶಾಸ್ತ್ರಕ್ಕೆ ನನ್ನ ಒಪ್ಪಿಗೆ ಇಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರಾಜ್ಯದಲ್ಲಿ ಅಂಥವು 30 ಲಕ್ಷಕ್ಕೂ ಹೆಚ್ಚು. ಸರ್ಕಾರ ಅವುಗಳ ಬಾಬ್ತು ಸಬ್ಸಿಡಿ ಕೊಡಬೇಕು, ಕೊಡುತ್ತದೆ ಕೂಡ, ಆದರೆ ಸಮಯಕ್ಕೆ ಪೂರ್ತಿ ಕೊಡದೆ ಬಾಕಿ ಉಳಿಸಿಕೊಂಡು ಬಂದ ಚರಿತ್ರೆ ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳದ್ದು. ಉಳಿದ ಭಾರ ಬೀಳುವುದು ಆ ಗಿರಣಿಯ ಬಿಲ್ಲಿನ ಮೇಲೆ. ಗಿರಣಿ ಹೊರಟುಹೋದರೆ ವಿತರಣಾ ಕಂಪನಿಯ ಪಾಲಿಗೆ ಉಳಿಯುವುದು ಉಚಿತ ಪಂಪ್‌ಸೆಟ್ಟು, ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ, ಹಳೆಯ ತಂತಿ ಮತ್ತು ಸಾಲ. ಅಂಥ ಕಂಪನಿ ಟ್ರಾನ್ಸ್‌ಫಾರ್ಮರ್ ಬದಲಿಸಲು ದುಡ್ಡು ಎಲ್ಲಿಂದ ತರುತ್ತದೆ? ತೋಟದ ಟಿಸಿ ಸುಟ್ಟರೆ ವಾರಗಟ್ಟಲೆ ಕಾಯುವವರು ಯಾರು?

ಇದು ಬರೀ ಊಹೆಯಲ್ಲ. ಮುಂಬೈಯಲ್ಲಿ ಒಂದೇ ಪ್ರದೇಶಕ್ಕೆ ಇಬ್ಬರು ವಿತರಕರು ಇದ್ದಾರೆ; ಆಗ ಅವರು ರಿಲಯನ್ಸ್ ಮತ್ತು ಟಾಟಾ. ಟಾಟಾ ಕೂಡ ಸಾಮಾನ್ಯ ಗ್ರಾಹಕರಿಗೆ ನೇರವಾಗಿ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ ಮೇಲೆ, ಉಪನಗರದ ಗ್ರಾಹಕರು ರಿಲಯನ್ಸಿನ ತಂತಿಯಲ್ಲೇ ಟಾಟಾ ಕರೆಂಟು ಪಡೆಯತೊಡಗಿದರು. ತಂತಿ ಒಬ್ಬರದು, ಮಾರಾಟ ಇನ್ನೊಬ್ಬರದು. ಇದು ಸಾಧ್ಯ ಎಂದು ಅಲ್ಲಿ ತೋರಿತು. ಜೊತೆಗೇ, ಹೊಸಬರು ಲಾಭದ ದೊಡ್ಡ ಗ್ರಾಹಕರನ್ನೇ ಆರಿಸಿಕೊಳ್ಳುತ್ತಿದ್ದಾರೆ ಎಂಬ ದೂರು ಎದ್ದು, 2012ರಲ್ಲಿ ಅಲ್ಲಿನ ಆಯೋಗ ಕೆಲಕಾಲ ಸಣ್ಣ ಗ್ರಾಹಕರಿಗೆ ಮಾತ್ರ ಬದಲಾವಣೆಯ ಅವಕಾಶ ಉಳಿಸಬೇಕಾಯಿತು. ಕೆನೆ ಮಾತ್ರ ತೆಗೆದುಕೊಂಡು ಹೋಗುವವನನ್ನು ಹಾಲಿನ ವ್ಯಾಪಾರಿ ಎನ್ನಲು ಬಾರದು.

ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ, ಒಂದೇ ತಂತಿಯಲ್ಲಿ ಹಲವು ಕಂಪನಿಗಳು ಮಾರಬಹುದು ಎಂದಿತ್ತು. ಅದು ಬಿದ್ದುಹೋಯಿತು. 2025ರ ಅಕ್ಟೋಬರ್‌ನಲ್ಲಿ ಬಂದ ಹೊಸ ಕರಡು ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ಕಾರ್ಖಾನೆ ಮತ್ತು ರೈಲ್ವೆಯ ಮೇಲಿನ ಕ್ರಾಸ್ ಸಬ್ಸಿಡಿಯನ್ನು ಐದು ವರ್ಷದಲ್ಲಿ ತೆಗೆಯಬೇಕು ಎನ್ನುತ್ತದೆ. ಐದು ವರ್ಷದ ನಂತರ ಆ ದುಡ್ಡನ್ನು ಯಾರು ತುಂಬುತ್ತಾರೆ ಎಂಬ ಪ್ರಶ್ನೆಯನ್ನು ರೈತರೂ ಕೇಳಬೇಕು, ವಿಧಾನಸೌಧವೂ ಕೇಳಬೇಕು.

ಮನೆ ಗ್ರಾಹಕನಿಗೆ ಆಯ್ಕೆ ಕೊಟ್ಟ ದೇಶಗಳ ಕಥೆ ಏನು? ಬ್ರಿಟನ್ 1999ರ ಹೊತ್ತಿಗೆ ಪ್ರತಿ ಮನೆಗೂ ಕರೆಂಟು, ಗ್ಯಾಸು ಎರಡಕ್ಕೂ ಕಂಪನಿ ಬದಲಿಸುವ ಹಕ್ಕು ಕೊಟ್ಟಿತ್ತು. ಹಲವು ವರ್ಷ ಆರು ದೊಡ್ಡ ಕಂಪನಿಗಳೇ ಆಳಿದವು. ಬದಲಿಸದೆ ಸುಮ್ಮನೆ ಕೂತ ಜನ ಹೆಚ್ಚು ತೆರುತ್ತಿದ್ದಾರೆ ಎಂದು 2016ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಹೇಳಿತು. ಈ ನಡುವೆ ಹೊಸಬರಿಗೆ ಬಾಗಿಲನ್ನು ಹಾರು ಹೊಡೆದಿದ್ದರು. ಕೈಯಲ್ಲಿ ಬಂಡವಾಳವಿಲ್ಲದವರೂ ಬಂದು ಕಡಿಮೆ ದರ ಕೂಗಿದರು. 2021ರಲ್ಲಿ ಗ್ಯಾಸ್ ಬೆಲೆ ಏರಿದಾಗ ಒಂದು ವರ್ಷದೊಳಗೆ ಮೂವತ್ತರ ಹತ್ತಿರ ಕಂಪನಿಗಳು ಮುಳುಗಿದವು. ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಸಾಗಿಸಿದ ಖರ್ಚು 2.7 ಬಿಲಿಯನ್ ಪೌಂಡ್ ಎಂದು, ದೇಶದ ಪ್ರತಿ ಗ್ರಾಹಕರಿಗೂ ಸುಮಾರು 94 ಪೌಂಡ್ ಎಂದು ಅಲ್ಲಿನ ಲೆಕ್ಕ ತಪಾಸಕರು 2022ರಲ್ಲಿ ಹೇಳಿದರು. ಅದನ್ನು ಕೊಟ್ಟವರು ಸಾಮಾನ್ಯ ಬಿಲ್ಲುದಾರರು. ಪ್ರವೇಶಕ್ಕೆ ಯಾವ ಅಡ್ಡಿಯೂ ಇರಬಾರದು ಎಂಬ ವಾದ ಎಲ್ಲಿಗೆ ಮುಟ್ಟಿತು ನೋಡಿ. ಬಿತ್ತನೆ ಆಲೂಗಡ್ಡೆ ಕೊಳ್ಳುವ ನಮ್ಮ ರೈತರಿಗೆ ಇದು ಗೊತ್ತಿರುವ ಪಾಠ. ಜಲಂಧರದಿಂದ ಲಾರಿಗಟ್ಟಲೆ ಬರುವ ಬೀಜವನ್ನು ಹಾಸನದ ಎಪಿಎಂಸಿಯಲ್ಲಿ ಮಾರುವವರು ಹತ್ತಾರು ಮಂದಿ. ಆದರೆ ಮೂಟೆಯೊಳಗಿನ ಬೀಜದಲ್ಲಿ ರೋಗ ಇದೆಯೋ ಇಲ್ಲವೋ ಎಂದು ತಿಳಿಯುವುದು ಬಿತ್ತಿದ ಮೇಲೆ. ಅಂಗಡಿ ಹೆಚ್ಚಾದ ಮಾತ್ರಕ್ಕೆ ಕೊಳ್ಳುವವನು ಗೆದ್ದ ಎನ್ನಲಾಗದು.

ಗ್ಯಾಸಿನದೂ ಒಂದು ಮಾತು. ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲು ಡೀಸೆಲು ಸಾಗಿಸುವ ಕೊಳವೆ ಹಾಸನದ ಮೂಲಕ ಹೋಗುತ್ತದೆ, ಎಲ್‌ಪಿಜಿಯ ಕೊಳವೆಯೂ ಹೋಗುತ್ತದೆ. ನೆಲದಡಿ ಹಾಸಿದ ಕೊಳವೆಯ ಪಕ್ಕದಲ್ಲೇ ಇನ್ನೊಬ್ಬ ಮತ್ತೊಂದು ಕೊಳವೆ ಹಾಸುವುದು ಹುಚ್ಚುತನ. ಅದಕ್ಕೇ 2006ರ ಕಾಯ್ದೆ ಕೊಳವೆಯಲ್ಲಿ ಬೇರೆಯವರಿಗೂ ಜಾಗ ಕೊಡುವ ನಿಯಮ ತಂದಿತು. ಸಿಲಿಂಡರಿನಲ್ಲಿ ಏಜೆನ್ಸಿ ಬದಲಿಸುವ ಸೌಲಭ್ಯವನ್ನು 2014ರ ಜನವರಿಯಲ್ಲಿ ದೇಶದುದ್ದಕ್ಕೂ ವಿಸ್ತರಿಸಿದಾಗ ಪೆಟ್ರೋಲಿಯಂ ಮಂತ್ರಿ ನಮ್ಮವರೇ ಆದ ವೀರಪ್ಪ ಮೊಯಿಲಿ. ಪಟ್ಟಣದಲ್ಲಿ ಅದರಿಂದ ಉಪಯೋಗವಾಯಿತು. ಹಳ್ಳಿಗೆ ಬರುವ ಸಿಲಿಂಡರ್ ಗಾಡಿಯೇ ಒಂದಾದರೆ ಬದಲಿಸುವುದು ಯಾರಿಗೆ? ಸಿಲಿಂಡರ್ ಮಾರುವ ಮೂರೂ ಸರ್ಕಾರಿ ಕಂಪನಿಗಳ ಬೆಲೆಯೂ ಒಂದೇ.

ಹಾಗಾಗಿ ಸ್ಪರ್ಧೆಯನ್ನು ಕಂಪನಿಗಳ ಸಂಖ್ಯೆಯಲ್ಲಿ ಅಳೆಯುವುದನ್ನು ಬಿಡೋಣ. ಡೇರಿ ನೋಡಿ: ಹಾಸನ ಹಾಲು ಒಕ್ಕೂಟ ಸುತ್ತಮುತ್ತಲ ಊರುಗಳಲ್ಲಿ ದೊಡ್ಡಣ್ಣ. ಅದನ್ನು ಏಕಸ್ವಾಮ್ಯ ಎಂದು ಯಾರಾದರೂ ದೂರಬಹುದು. ಆದರೂ ಅದರ ಬಾಗಿಲು ಒಂದೂವರೆ ಲೀಟರಿನಷ್ಟು ತಗ್ಗಿನಲ್ಲಿದೆ. ಕರೆಂಟಿನ ಮಾರುಕಟ್ಟೆಗೆ ಹತ್ತು ಕಂಪನಿ ಬಂದರೂ ಬಾಗಿಲು ಒಂದು ಮೆಗಾವ್ಯಾಟಿನ ಎತ್ತರದಲ್ಲೇ ಇದ್ದರೆ ದುದ್ದಕ್ಕೆ ಅದು ಗೋಡೆಯೇ. ಹಸಿರು ವಿದ್ಯುತ್ತಿಗೆ ಆ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸುವ ನಿಯಮವನ್ನು ಕೇಂದ್ರ 2022ರಲ್ಲಿ ತಂದಿತು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಆ ನಿಯಮ ಉಳಿದಿದ್ದರೂ ಲಾಭ ಸಿಗುತ್ತಿದ್ದುದು ಕೊಳ್ಳುವವರಿಗೆ: ಕಲ್ಯಾಣ ಮಂಟಪ, ಶೀತಲ ಗೃಹ, ಆಸ್ಪತ್ರೆ. ಮಾರುವ ರೈತನ ಮಾತು ಬೇರೆ.

ರೈತನನ್ನು ಮಾರಾಟಗಾರನನ್ನಾಗಿ ಮಾಡುವ ಪ್ರಯತ್ನ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. 2014ರಲ್ಲಿ ರಾಜ್ಯ ಸರ್ಕಾರ ಜಮೀನಿರುವ ರೈತರಿಗಾಗಿಯೇ 1ರಿಂದ 3 ಮೆಗಾವ್ಯಾಟಿನ ಸೌರ ಯೋಜನೆ ತಂದಿತು. ಯೂನಿಟ್ಟಿಗೆ 8 ರೂಪಾಯಿ 40 ಪೈಸೆ. ಕೇಳಲು ಚಿನ್ನದಂಥ ದರ. ಆದರೆ ಒಂದು ಮೆಗಾವ್ಯಾಟಿಗೆ ಕೋಟಿಗಟ್ಟಲೆ ಬಂಡವಾಳ ಬೇಕು. ಭೂಪರಿವರ್ತನೆಯ ಆದೇಶ, ಲೈನ್ ಎಳೆಯುವ ಒಪ್ಪಿಗೆ, ಸಬ್‌ಸ್ಟೇಷನ್ನಿನಲ್ಲಿ ಲೈನ್ ಜೋಡಿಸುವ ಜಾಗದ (ಬೇ) ಮಂಜೂರಾತಿ ಎಂದು ಒಂದೊಂದು ಕಡತಕ್ಕೂ ತಿಂಗಳುಗಳು. ರೈತರು ಪಾಲುದಾರ ಕಂಪನಿಗಳನ್ನು ಹುಡುಕಿಕೊಂಡರು. ಹಲವು ಕಡೆ ಜಮೀನು ರೈತನದು, ಸ್ಥಾವರ ಕಂಪನಿಯದು ಎಂದಾಯಿತು. ಗಡುವು ಮೀರಿತು. ವಿತರಣಾ ಕಂಪನಿಗಳು ಕೊಟ್ಟಿದ್ದ ಕಾಲಾವಕಾಶವನ್ನು ಕೆಇಆರ್‌ಸಿ ಒಪ್ಪದೆ ದರ ಇಳಿಸಿತು. ಆಮೇಲೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ, ಅಲ್ಲಿಂದ ಸುಪ್ರೀಂ ಕೋರ್ಟ್. 2015ರಲ್ಲಿ ಒಪ್ಪಂದ ಮಾಡಿಕೊಂಡ ಹಿರೇಹಳ್ಳಿ ಸೌರ ಯೋಜನೆಯ ಪ್ರಕರಣ ಅದರ ಪರವಾಗಿ ಮುಗಿದದ್ದು 2024ರ ಆಗಸ್ಟ್‌ನಲ್ಲಿ. ಒಪ್ಪಂದವಾಗಿ ಒಂಬತ್ತು ವರ್ಷ ಕಾದು, ದೆಹಲಿಯಲ್ಲಿ ವಕೀಲರನ್ನು ಇಟ್ಟುಕೊಳ್ಳಬಲ್ಲವನು ಮಾತ್ರ ಗೆಲ್ಲುವ ಮಾರುಕಟ್ಟೆ ರೈತನದಲ್ಲ. ಸರ್ಚಾರ್ಜಿಗಿಂತ ಎತ್ತರದ ಅಡ್ಡಿ ಇದು. ಇದಕ್ಕೆ ಯಾವ ದರಪಟ್ಟಿಯಲ್ಲೂ ಹೆಸರಿಲ್ಲ.

ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನಲ್ಲಿ ಇನ್ನೊಂದು ದಾರಿ ಹಿಡಿದರು. ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗೇಣಿಗೆ ಪಡೆದರು. ಮಳೆ ಇಲ್ಲದ ಆ ಸೀಮೆಯಲ್ಲಿ ಅದು ಎಷ್ಟೋ ಕುಟುಂಬಗಳಿಗೆ ಆಸರೆ ಆಯಿತು. ಆದರೂ ಅಲ್ಲಿ ರೈತ ಜಮೀನಿನ ಬಾಡಿಗೆದಾತ. ಬಿಸಿಲು ಮಾರುವವನು ಬೇರೆ. ಜಮೀನೇ ಇಲ್ಲದ ಕೂಲಿಯವನಿಗೆ ಆ ಗೇಣಿಯೂ ಇಲ್ಲ.

ನನಗೆ ಹೆಚ್ಚು ಭರವಸೆ ಕೊಡುವ ಉದಾಹರಣೆಗಳು ಸಣ್ಣವು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ ಪಂಪ್‌ಸೆಟ್ಟುಗಳಿಗೆ ಸೌರ ಫಲಕ ಹಾಕಿ, ನೀರೆತ್ತಿ ಉಳಿದ ಕರೆಂಟನ್ನು ಬೆಸ್ಕಾಂಗೆ ಮಾರುವ ವ್ಯವಸ್ಥೆ ಮಾಡಿದರು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ 2016ರಲ್ಲಿ ರೈತರು ಸಹಕಾರ ಸಂಘವನ್ನೇ ಕಟ್ಟಿಕೊಂಡು ಒಂದೇ ಮೀಟರಿನಲ್ಲಿ ಒಟ್ಟಾಗಿ ಮಾರಿದರು. ಅಮುಲ್ ಹುಟ್ಟಿದ ಜಿಲ್ಲೆಯಲ್ಲೇ ಇದೂ ಹುಟ್ಟಿದ್ದು ಕಾಕತಾಳೀಯವಲ್ಲ ಎಂದು ನನ್ನ ನಂಬಿಕೆ. ಉಳಿದ ಕರೆಂಟಿಗೆ ಬೆಲೆ ಸಿಕ್ಕರೆ ಸುಮ್ಮನೆ ನೀರು ಎತ್ತಿ ಸುರಿಯುವ ಮನಸ್ಸೂ ಬರುವುದಿಲ್ಲ. ಸಾವಿರ ಅಡಿ ಮುಟ್ಟಿದ ಬೋರ್‌ವೆಲ್ಲುಗಳ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಹಾಲು ಬೇರೆ, ಕರೆಂಟು ಬೇರೆ, ಕರೆಂಟನ್ನು ಕ್ಯಾನಿನಲ್ಲಿ ಇಡಲಾಗದು ಎಂದು ಇಂಜಿನಿಯರುಗಳು ಹೇಳುತ್ತಾರೆ. ಮಾತು ನಿಜ. ಲೈನಿನ ವೋಲ್ಟೇಜ್ ಕಾಯಬೇಕು, ರಿಪೇರಿಗೆ ಕಂಬ ಹತ್ತಿದ ಪವರ್‌ಮ್ಯಾನ್ ಪ್ರಾಣಕ್ಕೆ ಹಿಂದಿನಿಂದ ಹರಿಯುವ ಕರೆಂಟು ಸಂಚಕಾರ ತರಬಾರದು, ಸಂಜೆ ಏಳಕ್ಕೆ ಬಿಸಿಲು ಇರುವುದಿಲ್ಲ. ಆದರೆ ಹಾಲೂ ಕೆಲವೇ ಗಂಟೆಗಳಲ್ಲಿ ಒಡೆಯುವ ಪದಾರ್ಥ. ಅದಕ್ಕೆ ಶೀತಲ ಕೇಂದ್ರ, ಟ್ಯಾಂಕರು, ಪ್ರಯೋಗಾಲಯ ಎಲ್ಲವನ್ನೂ ಒಕ್ಕೂಟ ಕಟ್ಟಿತು. ಅಜ್ಜಿ ತಾನೇ ಕಟ್ಟಿಕೊಂಡು ಬರಲಿ ಎನ್ನಲಿಲ್ಲ. ಪಂಪ್‌ಸೆಟ್ಟಿನ ಅಗತ್ಯ ಹಗಲಿಗೇ ಹೊಂದುತ್ತದೆ ಎಂಬುದೂ ಲೆಕ್ಕದಲ್ಲಿ ಇರಲಿ. ಬಿಸಿಲಿನ ಕರೆಂಟು ಊರಿನ ಫೀಡರಿಗೇ ಬಂದರೆ ಟಾರ್ಚ್ ಹಿಡಿದು ಬದುವಿನ ಮೇಲೆ ನಡೆಯುವ ರಾತ್ರಿಪಾಳಿ ತಾನಾಗಿ ತಪ್ಪುತ್ತದೆ.

ಸಹಕಾರ ಸಂಘದ ಕೈಗೆ ತಂತಿಯನ್ನೇ ಕೊಟ್ಟ ಊರೂ ನಮ್ಮಲ್ಲಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರದ್ದು. ಆಗ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಐದು ಸಂಘಗಳಲ್ಲಿ ಒಂದು. ಮಹಾರಾಷ್ಟ್ರದ ಮುಳಾ ಪ್ರವರಾ ಸಂಘ ಲೈಸೆನ್ಸ್ ಕಳೆದುಕೊಂಡಿತು, ಹುಕ್ಕೇರಿ ಉಳಿದಿದೆ. ಅದರ ಚುನಾವಣೆ ಬಂದರೆ ಜಿಲ್ಲೆಯ ರಾಜಕೀಯವೆಲ್ಲ ಅಲ್ಲಿ ಕುದಿಯುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಸಹಕಾರ ಸಂಘ ಎಂದ ಕೂಡಲೇ ಎಲ್ಲ ಶುದ್ಧ ಎಂದು ನಾನು ಹೇಳುವುದಿಲ್ಲ. ದುದ್ದಕ್ಕೆ ತಂತಿಯ ಒಡೆತನ ಬೇಕಿಲ್ಲ, ತಂತಿ ಸೆಸ್ಕ್‌ನದೇ ಇರಲಿ. ಸಾರ್ವಜನಿಕ ರಸ್ತೆಯ ಹಾಗೆ ಅದು ಸಾರ್ವಜನಿಕರದ್ದಾಗಿಯೇ ಉಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಸ್ತೆಗೆ ಗಾಡಿ ಇಳಿಸುವ ಹಕ್ಕು ಊರಿಗೆ ಸಿಗಲಿ.

ಅಡ್ಡಿಗಳನ್ನು ತೆಗೆಯುವುದಕ್ಕೂ ಒಂದು ಕ್ರಮ ಬೇಕು. ದೆಹಲಿಯ 2025ರ ಕರಡು ಮೊದಲು ಗಿರಣಿಗೆ ಬಾಗಿಲು ತೆರೆದು, ರೈತನ ವಿಷಯವನ್ನು ಆಮೇಲೆ ನೋಡೋಣ ಎನ್ನುತ್ತದೆ. ಅದು ತಲೆಕೆಳಗು. ಮೊದಲು ಪಂಪ್‌ಸೆಟ್ಟಿನ ಸಬ್ಸಿಡಿ ಪೂರ್ತಿಯಾಗಿ, ಮುಂಗಡವಾಗಿ ಖಜಾನೆಯಿಂದ ಬರಲಿ. ರೈತನಿಗೆ ಅನ್ನ ಬೆಳೆಯಲು ಕೊಡುವ ನೆರವನ್ನು ಗಿರಣಿಯ ಬಿಲ್ಲಿನಲ್ಲಿ ಬಚ್ಚಿಡುವ ಬದಲು ಬಜೆಟ್ಟಿನಲ್ಲಿ ಎದೆ ಕೊಟ್ಟು ತೋರಿಸಲಿ. ಪ್ರತಿ ಪಂಪಿಗೆ ಆಗದಿದ್ದರೂ ಪ್ರತಿ ಫೀಡರಿಗೆ ನಂಬಲರ್ಹ ಮೀಟರ್ ಇರಲಿ. ಮೀಟರಿಲ್ಲದ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಕಳ್ಳತನವೂ ಸೋರಿಕೆಯೂ ಅಡಗಿಕೊಂಡು, ಹೆಸರು ಮಾತ್ರ ರೈತನಿಗೆ ಬರುತ್ತದೆ. ಆಮೇಲೆ ಸರ್ಚಾರ್ಜ್ ಇಳಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತೆ ಆಗುವುದಿಲ್ಲ.

ಜೊತೆಗೆ ಕೇಂದ್ರದ ಕುಸುಮ್ ಯೋಜನೆಯನ್ನೇ ತಿದ್ದಬಹುದು. 2019ರಲ್ಲಿ ಶುರುವಾದ ಈ ಯೋಜನೆಯಲ್ಲಿ ರೈತರು, ಸಂಘಗಳು 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗಿನ ಸ್ಥಾವರ ಹಾಕಿ ಸಬ್‌ಸ್ಟೇಷನ್ನಿಗೆ ಕರೆಂಟು ಮಾರಬಹುದು. ಇಡೀ ಫೀಡರನ್ನು ಸೌರಕ್ಕೆ ತಿರುಗಿಸುವ ಭಾಗವೂ ಇದೆ. ಆದರೆ ಟೆಂಡರ್ ಕರೆಯುವಾಗ ಹತ್ತಾರು ಸಬ್‌ಸ್ಟೇಷನ್ನುಗಳನ್ನು ಒಟ್ಟು ಗಂಟು ಕಟ್ಟಿದರೆ ಬರುವುದು ದೊಡ್ಡ ಕಂಪನಿಯೇ. ಒಂದೊಂದು ಸಬ್‌ಸ್ಟೇಷನ್ನಿಗೆ ಒಂದೊಂದು ಟೆಂಡರ್ ಇರಲಿ. ಸ್ಥಳೀಯ ಹಾಲು ಉತ್ಪಾದಕರ ಸಂಘ, ಪತ್ತಿನ ಸಂಘ, ಸ್ತ್ರೀಶಕ್ತಿ ಒಕ್ಕೂಟಗಳಿಗೆ ಒಂದು ಪಾಲು ಮೀಸಲಿರಲಿ. ಠೇವಣಿಯನ್ನು ಜಿಲ್ಲಾ ಸಹಕಾರ ಬ್ಯಾಂಕಿನ ಖಾತರಿಯ ಮೇಲೆ ಒಪ್ಪಲಿ. ಲೈನ್ ಮಂಜೂರಾತಿ ಕೊಡಬೇಕಾದ ಕಚೇರಿ ತಡ ಮಾಡಿದರೆ ಅಷ್ಟು ದಿನ ಗಡುವು ತಾನಾಗಿ ಮುಂದೆ ಹೋಗಲಿ, ಸುಪ್ರೀಂ ಕೋರ್ಟಿಗೆ ಹೋಗುವ ಅಗತ್ಯ ಬೀಳದಿರಲಿ. ನೂರು ಮನೆಗಳು ತಲಾ ಹತ್ತು ಸಾವಿರದ ಷೇರು ಹಾಕಿದರೆ ಹತ್ತು ಲಕ್ಷ. ಅರ್ಧ ಮೆಗಾವ್ಯಾಟಿನ ಸ್ಥಾವರಕ್ಕೆ ಅದು ಸಾಲದು, ಉಳಿದದ್ದಕ್ಕೆ ನಬಾರ್ಡಿನಂಥ ಸಂಸ್ಥೆಯ ಸಾಲ ಬೇಕೇ ಬೇಕು. ಜಮೀನಿಲ್ಲದವನೂ ಆ ಷೇರು ಕೊಳ್ಳಬಹುದು ಎಂಬುದು ನನಗೆ ಮುಖ್ಯ. ಹಸು ಕಟ್ಟಲು ಜಾಗವಿಲ್ಲದವನಿಗೆ ಡೇರಿಯೂ ಕೊಡಲಾಗದ ಅವಕಾಶ ಅದು.

ಇನ್ನು ಪಾವತಿ. ಕರೆಂಟು ಮಾರಿದವರಿಗೆ ದುಡ್ಡು ತಿಂಗಳುಗಟ್ಟಲೆ ತಡವಾದರೆ ದೊಡ್ಡ ಕಂಪನಿ ಬ್ಯಾಂಕಿನಿಂದ ಸಾಲ ಎತ್ತಿ ತಡೆದುಕೊಳ್ಳುತ್ತದೆ. ಊರಿನ ಸಂಘ ಮೂರು ತಿಂಗಳಿಗೆ ಕುಸಿಯುತ್ತದೆ. ಹಾಗಾಗಿ ಸಂಘದ ಮೀಟರನ್ನು ಹದಿನೈದು ದಿನಕ್ಕೊಮ್ಮೆ ಓದಿ, ಆ ವಾರದೊಳಗೇ ಖಾತೆಗೆ ಹಣ ಹಾಕಬೇಕು. ಎಷ್ಟು ಯೂನಿಟ್ ಬಂತು, ಯಾವ ದರ, ಎಷ್ಟು ಕಡಿತ ಎಂದು ಡೇರಿಯ ಪಾಸ್‌ಬುಕ್ಕಿನ ಹಾಗೆ ಕನ್ನಡದಲ್ಲಿ ಬರೆದಿರಬೇಕು, ಅಜ್ಜಿ ಮೊಮ್ಮಗಳ ಕೈಲಿ ಓದಿಸಿಕೊಂಡು ಲೆಕ್ಕ ಹಿಡಿಯುವಂತೆ.